ಬರಿದು ಎನ್ನುವ ಮುನ್ನ ಅಳೆದು ನೋಡಿ

‘ತಟಸ್ಥ’ ಎಂದರೆ ತಟದಲ್ಲಿ ನಿಂತವನು. ಹೊಳೆ ಅದರ ಪಾಡಿಗೆ ಹರಿಯುತ್ತದೆ, ಇವನು ದಡದ ಮೇಲಿದ್ದಾನೆ. ನೀರಿಗೂ ಇವನಿಗೂ ಲೇವಾದೇವಿ ಇಲ್ಲ. ವಿದ್ಯುದಾವೇಶ ಇಲ್ಲದ ಕಣಗಳಿಗೆ ನಮ್ಮ ಪಠ್ಯಪುಸ್ತಕಗಳು ಇದೇ ಪದವನ್ನು ಕೊಟ್ಟಿವೆ. ನ್ಯೂಟ್ರಾನ್ ತಟಸ್ಥ, ಪರಮಾಣು ಒಟ್ಟಾರೆಯಾಗಿ ತಟಸ್ಥ, ಬೆಳಕಿನ ಕಣವಾದ ಫೋಟಾನ್ ಕೂಡ ತಟಸ್ಥ. ಕಾಂತಕ್ಷೇತ್ರ ಬಾಗಿಸುವುದು ಚಲಿಸುವ ಆವೇಶವನ್ನು, ಆವೇಶವೇ ಇಲ್ಲದ್ದನ್ನು ಅದು ಮುಟ್ಟುವುದಿಲ್ಲ ಎಂದು ಓದಿ, ಪರೀಕ್ಷೆ ಬರೆದು ಮುಂದೆ ಹೋದವರು ನಾವು. ಕಣವೇ ಇಲ್ಲದ ಬರಿಜಾಗವಾದ ನಿರ್ವಾತದ ಮೇಲಂತೂ ಅಯಸ್ಕಾಂತ ಏನು ತಾನೇ ಮಾಡೀತು? ಆದರೆ ಹೊಳೆ ಉಕ್ಕಿ ಬಂದಾಗ ದಡದಲ್ಲಿ ನಿಂತವನ ಕಾಲೂ ತೋಯುತ್ತದೆ. ಕಳೆದ ನೂರು ವರ್ಷಗಳ ಭೌತವಿಜ್ಞಾನ ಈ ಉಕ್ಕುವ ಹೊಳೆಯನ್ನೇ ಹಿಂಬಾಲಿಸುತ್ತ ಬಂದಿದೆ. ಅದರಿಂದ ಕಲಿಯಬೇಕಾದ ಪಾಠ ಒಂದಿದೆ: ‘ಇಲ್ಲಿ ಏನೂ ಇಲ್ಲ, ಇದಕ್ಕೆ ಏನೂ ಆಗುವುದಿಲ್ಲ’ ಎನ್ನುವುದೂ ಒಂದು ಹೇಳಿಕೆಯೇ, ಉಳಿದ ಹೇಳಿಕೆಗಳಂತೆ ಅದನ್ನೂ ಅಳೆದೇ ಒಪ್ಪಬೇಕು. ಈ ಅಳತೆಗೆ ದಶಕಗಳು ಹಿಡಿಯುತ್ತವೆ, ಕೈಗೆ ಬರುವ ಉತ್ತರವೂ ಹಲವು ಸಲ ಅರ್ಧಂಬರ್ಧವೇ. ಆದರೂ ಅದಕ್ಕೆ ಹಣವನ್ನೂ ತಾಳ್ಮೆಯನ್ನೂ ಕೊಡುವುದು ಸರಿ ಎಂಬುದು ಇಲ್ಲಿನ ವಾದ.

ಮೊದಲು ಹೊಳೆಯ ಆಳವನ್ನು ಅಂದಾಜು ಮಾಡೋಣ. ಕಾಂತಕ್ಷೇತ್ರದ ಬಲವನ್ನು ಅಳೆಯುವ ಮಾನ ಟೆಸ್ಲಾ. ದಿಕ್ಸೂಚಿಯ ಮುಳ್ಳನ್ನು ತಿರುಗಿಸುವ ಭೂಮಿಯ ಕಾಂತಕ್ಷೇತ್ರ ನಮ್ಮ ಭಾಗದಲ್ಲಿ ಒಂದು ಟೆಸ್ಲಾದ ಸುಮಾರು 25 ಸಾವಿರದಲ್ಲಿ ಒಂದು ಪಾಲು. ಆಸ್ಪತ್ರೆಯ ಎಂಆರ್‌ಐ ಯಂತ್ರದೊಳಗೆ ಸಾಮಾನ್ಯವಾಗಿ 1.5 ಅಥವಾ 3 ಟೆಸ್ಲಾ ಇರುತ್ತದೆ. ಕಬ್ಬಿಣದ ಕುರ್ಚಿಯನ್ನು ಎಳೆದುಕೊಳ್ಳಲು ಅಷ್ಟು ಸಾಕು. ಪ್ರಯೋಗಾಲಯಗಳಲ್ಲಿ ಎಡೆಬಿಡದೆ ಹಿಡಿದಿಟ್ಟಿರುವ ಅತಿ ಪ್ರಬಲ ಕ್ಷೇತ್ರಗಳು 45 ಟೆಸ್ಲಾದ ಆಸುಪಾಸಿನವು. 2018ರಲ್ಲಿ ಟೋಕಿಯೊ ವಿಶ್ವವಿದ್ಯಾಲಯದವರು ಕ್ಷಣಾರ್ಧಕ್ಕೂ ಕಡಿಮೆ ಹೊತ್ತು 1,200 ಟೆಸ್ಲಾ ಮುಟ್ಟಿದಾಗ ಆ ಉಪಕರಣ ತನ್ನದೇ ಬಲಕ್ಕೆ ಸಿಡಿದುಹೋಯಿತು. ಮನುಷ್ಯನ ಕೈಗೆ ಎಟುಕುವುದು ಹೆಚ್ಚುಕಡಿಮೆ ಈ ಮಟ್ಟದವರೆಗೆ. ನಿರ್ವಾತವೇ ಗಣನೀಯವಾಗಿ ಬದಲಾಗುವ ಮಟ್ಟ ಯಾವುದು ಎಂದು ಸಿದ್ಧಾಂತವನ್ನು ಕೇಳಿದರೆ ಅದು ಹೇಳುವುದು 440 ಕೋಟಿ ಟೆಸ್ಲಾ. ಅಂಥ ಕ್ಷೇತ್ರ ಸಿಗುವುದು ಸತ್ತ ನಕ್ಷತ್ರಗಳ ಬಳಿ. ಮ್ಯಾಗ್ನೆಟಾರ್ ಎಂದು ಕರೆಯುವ ನ್ಯೂಟ್ರಾನ್ ನಕ್ಷತ್ರಗಳ ಮೇಲ್ಮೈಯಲ್ಲಿ ಅದು ಸಾವಿರದಿಂದ ಹತ್ತು ಸಾವಿರ ಕೋಟಿ ಟೆಸ್ಲಾ ಇದೆ. ತಟಸ್ಥ ಕಣದ ಹೆಸರನ್ನೇ ಹೊತ್ತ ನಕ್ಷತ್ರ ವಿಶ್ವದ ಅತಿ ಬಲಿಷ್ಠ ಅಯಸ್ಕಾಂತವಾಗಿರುವುದು ಒಂದು ವಿಚಿತ್ರವೇ ಸರಿ.

ತಟಸ್ಥ ಕಣಗಳ ಗುಟ್ಟು ಬಯಲಾಗಲು ಇಷ್ಟು ದೂರ ಹೋಗಬೇಕಾಗಿರಲಿಲ್ಲ. 1922ರ ಫೆಬ್ರುವರಿಯಲ್ಲಿ ಫ್ರಾಂಕ್‌ಫರ್ಟ್‌ನಲ್ಲಿ ಓಟ್ಟೊ ಸ್ಟರ್ನ್ ಮತ್ತು ವಾಲ್ಟರ್ ಗೆರ್ಲಾಖ್ ಬೆಳ್ಳಿಯ ಪರಮಾಣುಗಳ ಸಣ್ಣ ಎಳೆಯೊಂದನ್ನು ಕಾಂತಕ್ಷೇತ್ರದ ನಡುವೆ ಹಾಯಿಸಿದರು. ಬೆಳ್ಳಿಯ ಪರಮಾಣುವಿನ ಒಟ್ಟು ಆವೇಶ ಸೊನ್ನೆ. ಆದರೂ ಗಾಜಿನ ಮೇಲೆ ಬಿದ್ದ ಗುರುತು ಒಂದಾಗಿರದೆ ಎರಡಾಗಿ ಸೀಳಿತ್ತು. ಗೆರ್ಲಾಖ್ ಆ ಚಿತ್ರವನ್ನು ಅಂಚೆಕಾರ್ಡಿಗೆ ಅಂಟಿಸಿ ನೀಲ್ಸ್ ಬೋರ್‌ಗೆ ಕಳಿಸಿದರು. ಆವೇಶ ಇಲ್ಲದಿದ್ದರೂ ಪರಮಾಣು ತಾನೇ ಒಂದು ಪುಟ್ಟ ಅಯಸ್ಕಾಂತ ಎಂಬುದು ಅದರ ಅರ್ಥ. ಇಲ್ಲಿ ಒಂದು ಸೂಕ್ಷ್ಮವಿದೆ. ಕ್ಷೇತ್ರ ಎಲ್ಲೆಡೆ ಒಂದೇ ಸಮನಾಗಿದ್ದರೆ ಈ ಪುಟ್ಟ ಅಯಸ್ಕಾಂತದ ಉತ್ತರ ತುದಿಯನ್ನು ಎಳೆಯುವ ಬಲವೂ ದಕ್ಷಿಣ ತುದಿಯನ್ನು ತಳ್ಳುವ ಬಲವೂ ಸರಿದೂಗುತ್ತವೆ, ಪರಮಾಣು ದಾರಿ ಬದಲಿಸುವುದಿಲ್ಲ. ಕ್ಷೇತ್ರ ಒಂದು ಕಡೆ ಬಿರುಸು, ಇನ್ನೊಂದು ಕಡೆ ಸಡಿಲ ಇದ್ದಾಗ ಮಾತ್ರ ಲೆಕ್ಕ ತಪ್ಪಿ ಅದು ಪಕ್ಕಕ್ಕೆ ಸರಿಯುತ್ತದೆ. ಸ್ಟರ್ನ್ ಮತ್ತು ಗೆರ್ಲಾಖ್ ಬಳಸಿದ್ದು ಅಂಥ ಏರುಪೇರಿನ ಕ್ಷೇತ್ರವನ್ನೇ. ಎಂಥ ಪ್ರಶ್ನೆ ಕೇಳುತ್ತೇವೆ ಎಂಬುದರ ಮೇಲೆ ಉತ್ತರ ನಿಂತಿರುತ್ತದೆ. ಸಮನಾದ ಕ್ಷೇತ್ರದಲ್ಲಿ ಕೇಳಿದ್ದರೆ ‘ಏನೂ ಆಗಲಿಲ್ಲ’ ಎಂದು ಬರೆದುಕೊಂಡು ಮನೆಗೆ ಹೋಗಬೇಕಿತ್ತು.

ನ್ಯೂಟ್ರಾನಿನ ಕತೆ ಇನ್ನೂ ಸೊಗಸು. ಅದರೊಳಗಿನ ಕ್ವಾರ್ಕುಗಳೆಂಬ ಇನ್ನೂ ಸಣ್ಣ ಕಣಗಳಿಗೆ ಆವೇಶವಿದೆ. ಕೂಡಿ ಕಳೆದರೆ ಮೊತ್ತ ಸೊನ್ನೆ, ಆದರೆ ಅವುಗಳ ಕಾಂತಗುಣದ ಮೊತ್ತ ಸೊನ್ನೆಯಲ್ಲ. 1940ರಲ್ಲಿ ಲೂಯಿಸ್ ಆಲ್ವಾರೆಜ್ ಮತ್ತು ಫೆಲಿಕ್ಸ್ ಬ್ಲಾಖ್ ಅದನ್ನು ನೇರವಾಗಿ ಅಳೆದರು. ಆ ಗುಣ ಎಷ್ಟು ದುರ್ಬಲ ಎಂದು ತಿಳಿಯಲು ಒಂದು ಹೋಲಿಕೆ ಸಾಕು. ಒಂದು ಟೆಸ್ಲಾ ಕ್ಷೇತ್ರ ನ್ಯೂಟ್ರಾನಿನ ಮೇಲೆ ಬೀರುವ ಪ್ರಭಾವವೂ ಅದನ್ನು ನೆಲದಿಂದ ಅರವತ್ತು ಸೆಂಟಿಮೀಟರಿನಷ್ಟು ಎತ್ತಲು ಬೇಕಾದ ಶಕ್ತಿಯೂ ಹೆಚ್ಚುಕಡಿಮೆ ಒಂದೇ. ಅಮೆರಿಕದ ಲಾಸ್ ಅಲಮೋಸ್ ಪ್ರಯೋಗಾಲಯದವರು ಈ ಸಮಬಲವನ್ನೇ ಬಳಸಿಕೊಂಡು ಸ್ನಾನದ ತೊಟ್ಟಿಯಂಥ ಒಂದು ಪಾತ್ರೆ ಮಾಡಿದ್ದಾರೆ. ಅದರ ಒಳಮೈಗೆ ಸಾವಿರಾರು ಶಾಶ್ವತ ಅಯಸ್ಕಾಂತಗಳನ್ನು ಜೋಡಿಸಲಾಗಿದೆ. ನಾವು ನಡೆಯುವಷ್ಟು, ಓಡುವಷ್ಟು ವೇಗಕ್ಕೆ ಇಳಿಸಿದ ಅತಿಶೀತಲ ನ್ಯೂಟ್ರಾನ್‌ಗಳನ್ನು ಒಳಗೆ ಬಿಟ್ಟರೆ ಅವು ಕೆಳಕ್ಕೆ ಬೀಳುತ್ತವೆ, ಅಯಸ್ಕಾಂತದ ಹತ್ತಿರ ಬಂದು ಪಾತ್ರೆಯನ್ನು ಮುಟ್ಟುವ ಮೊದಲೇ ಮೇಲಕ್ಕೆ ಪುಟಿಯುತ್ತವೆ. ಮೇಲೆ ಮುಚ್ಚಳ ಬೇಕಿಲ್ಲ, ಗುರುತ್ವವೇ ಮುಚ್ಚಳ. ಹೀಗೆ ಗೋಡೆ ಮುಟ್ಟದೆ ಪುಟಿಯುವ ನ್ಯೂಟ್ರಾನ್‌ಗಳನ್ನು ಎಣಿಸಿ 2021ರಲ್ಲಿ ಅವರು ಪ್ರಕಟಿಸಿದ ನ್ಯೂಟ್ರಾನಿನ ಸರಾಸರಿ ಆಯುಷ್ಯ 877.75 ಸೆಕೆಂಡು, ಅಂದರೆ ಹದಿನೈದು ನಿಮಿಷಕ್ಕೆ ತುಸು ಕಡಿಮೆ. ದಡದಲ್ಲಿ ನಿಂತವನನ್ನು ಹೊಳೆಯ ನೀರಿನಲ್ಲೇ ಹಿಡಿದು ನಿಲ್ಲಿಸಿದಂತೆ ಇದು. ನ್ಯೂಟ್ರಾನಿನ ಈ ಕಾಂತಗುಣದಿಂದಾಗಿಯೇ ವಸ್ತುಗಳೊಳಗಿನ ಪರಮಾಣು ಅಯಸ್ಕಾಂತಗಳು ಹೇಗೆ ಸಾಲುಗಟ್ಟಿವೆ ಎಂಬುದನ್ನು ಕಾಣಲು ಸಾಧ್ಯವಾಯಿತು. ಟ್ರಾಂಬೆಯ ಧ್ರುವ ರಿಯಾಕ್ಟರಿನ ನ್ಯೂಟ್ರಾನ್ ಕಿರಣಗಳು ನಮ್ಮಲ್ಲೂ ಆ ಕೆಲಸ ಮಾಡುತ್ತ ಬಂದಿವೆ.

ಇನ್ನು ಬರಿಜಾಗದ ವಿಚಾರ. 1936ರಲ್ಲಿ ವರ್ನರ್ ಹೈಸನ್‌ಬರ್ಗ್ ಮತ್ತು ಅವರ ವಿದ್ಯಾರ್ಥಿ ಹಾನ್ಸ್ ಆಯ್ಲರ್ ಒಂದು ಲೆಕ್ಕ ಮಾಡಿದರು. ಕ್ವಾಂಟಮ್ ನಿಯಮಗಳ ಪ್ರಕಾರ ಎಲೆಕ್ಟ್ರಾನ್ ಮತ್ತು ಅದರ ಪ್ರತಿಕಣವಾದ ಪಾಸಿಟ್ರಾನ್ ಇಲ್ಲದ ಕಡೆಯಲ್ಲೂ ಅವು ಹುಟ್ಟುವ ಸಾಧ್ಯತೆ ಉಳಿದೇ ಇರುತ್ತದೆ. ಆ ಸಾಧ್ಯತೆಗೆ ಆವೇಶವಿದೆ, ಹಾಗಾಗಿ ಪ್ರಬಲ ಕಾಂತಕ್ಷೇತ್ರ ಅದನ್ನು ಅಲುಗಿಸಬಲ್ಲದು. ಅಲುಗಿದ ನಿರ್ವಾತದಲ್ಲಿ ಹಾಯುವ ಬೆಳಕು ಮೊದಲಿನಂತೆ ಸಾಗುವುದಿಲ್ಲ. ಕ್ಯಾಲ್ಸೈಟ್ ಎಂಬ ಪಾರದರ್ಶಕ ಕಲ್ಲನ್ನು ಅಚ್ಚಾದ ಪುಟದ ಮೇಲಿಟ್ಟರೆ ಒಂದೊಂದು ಅಕ್ಷರವೂ ಎರಡೆರಡಾಗಿ ಕಾಣುತ್ತದೆ. ಬೆಳಕಿನ ಅಲೆ ಯಾವ ದಿಕ್ಕಿನಲ್ಲಿ ತುಯ್ಯುತ್ತದೆ ಎಂಬುದರ ಮೇಲೆ ಕಲ್ಲಿನೊಳಗೆ ಅದರ ವೇಗ ಬದಲಾಗುವುದೇ ಇದಕ್ಕೆ ಕಾರಣ. ಇದಕ್ಕೆ ದ್ವಿವಕ್ರೀಭವನ ಎಂದು ಹೆಸರು. ಪ್ರಬಲ ಕಾಂತಕ್ಷೇತ್ರದಲ್ಲಿ ಬರಿಜಾಗವೂ ಈ ಕಲ್ಲಿನಂತೆ ವರ್ತಿಸಬೇಕು ಎಂಬುದು ಆ ಲೆಕ್ಕದ ಸಾರ. ಬೆಳಕಿಗೂ ಆವೇಶವಿಲ್ಲ, ಬರಿಜಾಗಕ್ಕೂ ಆವೇಶವಿಲ್ಲ. ಆದರೂ ಕಾಂತಕ್ಷೇತ್ರ ಇಬ್ಬರ ನಡುವೆ ಕೈಹಾಕುತ್ತದೆ.

ಇಲ್ಲಿ ಓದುಗರು ಎತ್ತಬಹುದಾದ ಮೊದಲ ಆಕ್ಷೇಪ ಸಹಜವಾದದ್ದು: ಇದೆಲ್ಲ ಕಾಗದದ ಮೇಲಿನ ಗಣಿತವಲ್ಲವೇ, ಇಲ್ಲದ ಕಣಗಳು ಇರುವಂತೆ ಕಲ್ಪಿಸಿಕೊಂಡು ಕಟ್ಟಿದ ಕತೆಯಲ್ಲವೇ? ಈ ಆಕ್ಷೇಪದಲ್ಲಿ ಅರ್ಧ ಸತ್ಯವಿದೆ. ನಿರ್ವಾತದಲ್ಲಿ ಕಣಗಳು ಕುದಿಯುವ ಎಸರಿನ ಗುಳ್ಳೆಗಳಂತೆ ಹುಟ್ಟಿ ಸಾಯುತ್ತವೆ ಎಂದು ಜನಪ್ರಿಯ ಲೇಖನಗಳು ಬಿಡಿಸುವ ಚಿತ್ರ ಲೆಕ್ಕವನ್ನು ನೆನಪಿಡಲು ಇರುವ ಒಂದು ಉಪಾಯ. ಅದನ್ನು ಕಣ್ಣಾರೆ ಕಂಡ ದೃಶ್ಯವೆಂದು ತಿಳಿಯಬೇಕಿಲ್ಲ. ಆದರೆ ಲೆಕ್ಕದ ಫಲವನ್ನು ಪರೀಕ್ಷಿಸಬಹುದು. ಅದೇ ಲೆಕ್ಕದ ಇನ್ನೊಂದು ಮುಖ ಬೆಳಕು ಬೆಳಕಿಗೆ ಡಿಕ್ಕಿ ಹೊಡೆಯಬಲ್ಲದು ಎನ್ನುತ್ತದೆ. ದಿನನಿತ್ಯದ ಅನುಭವಕ್ಕೆ ಇದು ವಿರುದ್ಧ. ಎರಡು ಟಾರ್ಚಿನ ಬೆಳಕುಗಳು ಒಂದನ್ನೊಂದು ಅಡ್ಡ ಹಾಯ್ದು ಏನೂ ಆಗದಂತೆ ಹೋಗುತ್ತವೆ. ಜಿನೀವಾ ಬಳಿಯ ಸರ್ನ್‌ನಲ್ಲಿ ಸೀಸದ ಬೀಜಕಣಗಳನ್ನು ಒಂದರ ಪಕ್ಕ ಒಂದು, ತಾಗದಂತೆ ಹಾಯಿಸಿದಾಗ ಅವುಗಳ ಸುತ್ತಲಿನ ಉಗ್ರ ಕ್ಷೇತ್ರಗಳಿಂದ ಬಂದ ಫೋಟಾನುಗಳು ಪರಸ್ಪರ ಚದುರಿದ್ದಕ್ಕೆ ಅಟ್ಲಾಸ್ ತಂಡ 2017ರಲ್ಲಿ ಮೊದಲ ಪುರಾವೆ ಕೊಟ್ಟಿತು. 2019ರಲ್ಲಿ ಅದೇ ತಂಡ ಅಂಥ 59 ಘಟನೆಗಳನ್ನು ಎಣಿಸಿತು. ಬೇರೆ ಕಾರಣಗಳಿಂದ ಬರಬಹುದಾಗಿದ್ದವು ಸುಮಾರು 12 ಮಾತ್ರ. ಹೀಗಾಗಿ ಕಲ್ಪನೆ ಎಂದು ಇದನ್ನು ತಳ್ಳಿಹಾಕಲು ಬರುವುದಿಲ್ಲ.

ಹಾಗೆಂದು ಎಲ್ಲವೂ ಸಾಬೀತಾಗಿದೆ ಎನ್ನುವುದೂ ತಪ್ಪು. ಸರ್ನ್‌ನಲ್ಲಿ ಕಂಡದ್ದು ಅಪಾರ ಶಕ್ತಿಯ ಫೋಟಾನುಗಳ ಡಿಕ್ಕಿ. ಸ್ಥಿರವಾದ ಕಾಂತಕ್ಷೇತ್ರದಲ್ಲಿ ನಿರ್ವಾತ ಕ್ಯಾಲ್ಸೈಟಿನಂತಾಗುವುದನ್ನು ಭೂಮಿಯ ಮೇಲೆ ಇನ್ನೂ ಯಾರೂ ನೇರವಾಗಿ ಅಳೆದಿಲ್ಲ. ಇಟಲಿಯ ‘ಪಿವಿಲಾಸ್’ ಪ್ರಯೋಗ ಇದಕ್ಕಾಗಿ ಇಪ್ಪತ್ತೈದು ವರ್ಷ ಬೆವರು ಸುರಿಸಿತು. ಫೆರಾರಾ ನಗರದಲ್ಲಿ ಅದರ ಕೊನೆಯ ರೂಪ ಹೀಗಿತ್ತು: 2.5 ಟೆಸ್ಲಾದ ಎರಡು ಅಯಸ್ಕಾಂತಗಳು ಗರಗರ ತಿರುಗುತ್ತವೆ, ನಡುವೆ ಗಾಳಿ ತೆಗೆದ ಕೊಳವೆ, ಅದರ ಎರಡೂ ತುದಿಗೆ ಕನ್ನಡಿ. ಲೇಸರ್ ಬೆಳಕು ಕನ್ನಡಿಗಳ ನಡುವೆ ನಾಲ್ಕು ಲಕ್ಷಕ್ಕೂ ಹೆಚ್ಚು ಬಾರಿ ಓಡಾಡುತ್ತದೆ. ಎರಡು ಮೀಟರೂ ಇಲ್ಲದ ಅಯಸ್ಕಾಂತದ ದಾರಿ ಹೀಗೆ ಮಡಿಚಿ ಮಡಿಚಿ ಬೆಂಗಳೂರಿನಿಂದ ಬೀದರಿಗೆ ಹೋಗುವಷ್ಟು ಉದ್ದವಾಗುತ್ತದೆ. ಇಷ್ಟಾದರೂ ಹುಡುಕುತ್ತಿದ್ದ ವ್ಯತ್ಯಾಸ ಎಷ್ಟು? ದಶಮಾಂಶ ಬಿಂದುವಿನ ನಂತರ 22 ಸೊನ್ನೆ ಬರೆದು ಆಮೇಲೆ 25 ಬರೆದರೆ ಎಷ್ಟೋ ಅಷ್ಟು. 2020ರಲ್ಲಿ ಅಂತಿಮ ವರದಿ ಬಂದಾಗ ಅಳತೆಯ ಅನಿಶ್ಚಿತತೆ ಈ ಸಂಖ್ಯೆಯ ಸುಮಾರು ಏಳು ಪಟ್ಟು ಇತ್ತು. ಗುರಿಯ ಹೊಸ್ತಿಲವರೆಗೆ ಬಂದು ಒಳಗೆ ಕಾಲಿಡಲು ಆಗಲಿಲ್ಲ.

ಇದನ್ನು ಸೋಲು ಎನ್ನಬೇಕೇ? ಇದೇ ತಂಡ 2006ರಲ್ಲಿ ನಿರೀಕ್ಷೆಗಿಂತ ದೊಡ್ಡದಾದ ಒಂದು ಸಂಕೇತ ಕಂಡಿತು ಎಂದು ಪ್ರಕಟಿಸಿತ್ತು. ಹೊಸ ಕಣವೇ ಸಿಕ್ಕಿರಬಹುದು ಎಂದು ಪ್ರಪಂಚದ ಹಲವು ಪ್ರಯೋಗಾಲಯಗಳು ಹುಡುಕಾಟಕ್ಕೆ ಇಳಿದವು. ಪಿವಿಲಾಸ್ ತಂಡ ತನ್ನ ಉಪಕರಣವನ್ನು ಇನ್ನಷ್ಟು ಚೊಕ್ಕಗೊಳಿಸಿ ಮತ್ತೆ ಅಳೆಯಿತು, ಸಂಕೇತ ಮಾಯವಾಯಿತು. ಮೊದಲು ಕಂಡದ್ದು ಉಪಕರಣದ ದೋಷ ಎಂದು ಅವರೇ ಹೇಳಿಕೊಂಡರು. ತಾನು ಸಾರಿದ ಸುದ್ದಿಯನ್ನು ತಾನೇ ಅಳೆದು ಹಿಂತೆಗೆದುಕೊಳ್ಳುವ ಈ ನಡತೆ ಯಾವ ಸಾರ್ವಜನಿಕ ಸಂಸ್ಥೆಯಲ್ಲೂ ಅಷ್ಟು ಸುಲಭಕ್ಕೆ ಕಾಣಸಿಗುವುದಿಲ್ಲ. ‘ಸಿಗಲಿಲ್ಲ’ ಎಂಬ ಅವರ ಕೊನೆಯ ವರದಿಗೂ ಬೆಲೆಯಿದೆ. ನಿರೀಕ್ಷಿತ ಮಟ್ಟಕ್ಕಿಂತ ಹತ್ತಾರು ಪಟ್ಟು ದೊಡ್ಡದಾದ ಯಾವ ಪರಿಣಾಮವೂ ಅಲ್ಲಿ ಅಡಗಿಲ್ಲ ಎಂದು ಅದು ಬೇಲಿ ಹಾಕಿಕೊಟ್ಟಿದೆ. ಮುಂದೆ ಹುಡುಕುವವರು ಬೇಲಿಯ ಒಳಗೆ ಹುಡುಕಿದರೆ ಸಾಕು. ಜರ್ಮನಿಯ ಹ್ಯಾಂಬರ್ಗ್ ಬಳಿಯ ಎಕ್ಸ್‌ರೇ ಲೇಸರ್ ಕೇಂದ್ರವಾದ ಯುರೋಪಿಯನ್ ಎಕ್ಸ್‌ಫೆಲ್‌ನಲ್ಲಿ ಅಯಸ್ಕಾಂತದ ಬದಲು ಅತಿ ಪ್ರಬಲ ಲೇಸರನ್ನೂ, ಅಳೆಯಲು ಎಕ್ಸ್‌ರೇಯನ್ನೂ ಬಳಸುವ ಯೋಜನೆ ಅಂಥದ್ದೇ ಮುಂದಿನ ಹೆಜ್ಜೆ.

ಮನುಷ್ಯನ ಅಯಸ್ಕಾಂತ ಸಾಲದಿದ್ದಾಗ ಆಕಾಶದ ಅಯಸ್ಕಾಂತವನ್ನು ಎರವಲು ಪಡೆಯಬಹುದು. ಸುಮಾರು 400 ಜ್ಯೋತಿರ್ವರ್ಷ ದೂರದಲ್ಲಿ ಆರ್‌ಎಕ್ಸ್ ಜೆ1856.5-3754 ಎಂಬ ಮಂಕಾದ ನ್ಯೂಟ್ರಾನ್ ನಕ್ಷತ್ರವಿದೆ. ಅದರ ಮೇಲ್ಮೈಯ ಕ್ಷೇತ್ರ ನೂರು ಕೋಟಿ ಟೆಸ್ಲಾದ ಆಸುಪಾಸಿನದು. ಅಲ್ಲಿಂದ ಹೊರಡುವ ಬೆಳಕು ಮೇಲ್ಮೈಯ ಒಂದೊಂದು ತುಣುಕಿನಿಂದ ಒಂದೊಂದು ದಿಕ್ಕಿನಲ್ಲಿ ತುಯ್ಯುತ್ತ ಹೊರಡುತ್ತದೆ. ಎಲ್ಲ ಬೆರೆತು ನಮ್ಮನ್ನು ತಲುಪುವಾಗ ದಿಕ್ಕು ಅಳಿಸಿಹೋಗಬೇಕು. ಆದರೆ ಸುತ್ತಲಿನ ನಿರ್ವಾತ ಕ್ಯಾಲ್ಸೈಟಿನಂತಿದ್ದರೆ ಕ್ಷೇತ್ರದ ಗೆರೆಗಳು ಆ ತುಯ್ತವನ್ನು ಬಹಳ ದೂರದವರೆಗೆ ಕೈಹಿಡಿದು ನಡೆಸುತ್ತವೆ. ಜಾತ್ರೆ ಮುಗಿದ ಮೇಲೆ ಜನ ದಿಕ್ಕಿಗೊಬ್ಬರಂತೆ ಹೊರಟರೂ ದೂರದ ಬಸ್ಸಿನ ಸಾಲಿಗೆ ಬರುವಷ್ಟರಲ್ಲಿ ಎಲ್ಲರ ಮುಖ ಒಂದೇ ಕಡೆ ಇರುವಂತೆ, ಬೆಳಕಿನ ತುಯ್ತ ಒಂದೇ ದಿಕ್ಕಿಗಿರುವ ಗುಣ, ಅಂದರೆ ಧ್ರುವೀಕರಣ, ಉಳಿದುಕೊಳ್ಳುತ್ತದೆ. 2016ರಲ್ಲಿ ಪ್ರಕಟವಾದಂತೆ, ಚಿಲಿಯ ವೆರಿ ಲಾರ್ಜ್ ಟೆಲಿಸ್ಕೋಪಿನಿಂದ ಅಳೆದಾಗ ಈ ನಕ್ಷತ್ರದ ಬೆಳಕಿನಲ್ಲಿ ಸುಮಾರು ಶೇ 16ರಷ್ಟು ಧ್ರುವೀಕರಣ ಕಂಡಿತು. 2021ರ ಡಿಸೆಂಬರಿನಲ್ಲಿ ಹಾರಿದ ನಾಸಾದ ಐಎಕ್ಸ್‌ಪಿಇ ದೂರದರ್ಶಕ 4ಯು 0142+61 ಎಂಬ ಮ್ಯಾಗ್ನೆಟಾರಿನ ಎಕ್ಸ್‌ರೇಯನ್ನು ಅಳೆದಾಗ ಕಡಿಮೆ ಶಕ್ತಿಯಲ್ಲಿ ಶೇ 15ರಷ್ಟಿದ್ದ ಧ್ರುವೀಕರಣ ಹೆಚ್ಚಿನ ಶಕ್ತಿಯಲ್ಲಿ ಶೇ 35ಕ್ಕೆ ಏರಿತ್ತು, ನಡುವೆ ಅದರ ದಿಕ್ಕು ನೇರ 90 ಡಿಗ್ರಿ ತಿರುಗಿತ್ತು. ಸಿದ್ಧಾಂತ ಹೇಳುವ ನಿರ್ವಾತದೊಂದಿಗೆ ಈ ಚಿತ್ರ ಹೊಂದುತ್ತದೆ.

‘ಹೊಂದುತ್ತದೆ’ ಎಂಬ ಪದವನ್ನು ಬೇಕೆಂದೇ ಬಳಸಿದ್ದೇನೆ. ಶೇ 16ರ ಅಳತೆಯಲ್ಲಿ ಐದು ಅಂಶಗಳಷ್ಟು ತಪ್ಪಿಗೆ ಎಡೆಯಿದೆ. ನಕ್ಷತ್ರದ ಅಕ್ಷ ನಮ್ಮತ್ತ ಹೇಗೆ ವಾಲಿದೆ, ಮೇಲ್ಮೈ ಗಟ್ಟಿಯೋ ಅಥವಾ ತೆಳುವಾದ ವಾತಾವರಣವಿದೆಯೋ ಎಂಬುದರ ಮೇಲೆ ನಿರ್ವಾತದ ನೆರವಿಲ್ಲದೆಯೂ ಇಷ್ಟು ಧ್ರುವೀಕರಣ ಬರಬಹುದು ಎಂದು ಲೆಕ್ಕ ತೋರಿಸಿದವರಿದ್ದಾರೆ. ಮ್ಯಾಗ್ನೆಟಾರಿನ 90 ಡಿಗ್ರಿ ತಿರುವಿಗೂ ಒಂದಕ್ಕಿಂತ ಹೆಚ್ಚು ವಿವರಣೆಗಳಿವೆ. ಸರ್ನ್‌ನ ಪುರಾವೆ ಬಲವಾದದ್ದು ಆದರೆ ಬೇರೆ ಸನ್ನಿವೇಶದ್ದು; ನಕ್ಷತ್ರಗಳ ಪುರಾವೆ ಸರಿಯಾದ ಸನ್ನಿವೇಶದ್ದು ಆದರೆ ಪರೋಕ್ಷ; ಫೆರಾರಾದ ಪ್ರಯೋಗ ನೇರವಾದದ್ದು ಆದರೆ ಅಪೂರ್ಣ. ಮೂರನ್ನೂ ಒಟ್ಟಿಗೆ ಇಟ್ಟು ನೋಡಿದವರು ಸಿದ್ಧಾಂತದ ಕಡೆಗೆ ವಾಲುವುದು ನ್ಯಾಯವೇ. ಮೊಹರು ಒತ್ತುವುದಕ್ಕೆ ಮಾತ್ರ ಇನ್ನೂ ಸಮಯವಾಗಿಲ್ಲ.

ಈ ಎಚ್ಚರ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ಪೇಟೆಗಳೇ ಸಾಕ್ಷಿ. ನೋವು ಕಳೆಯುವ ಅಯಸ್ಕಾಂತದ ಬಳೆ, ಕಾಂತೀಕರಿಸಿದ ನೀರು, ನಿರ್ವಾತದಿಂದ ಪುಕ್ಕಟೆ ವಿದ್ಯುತ್ ತೆಗೆಯುವ ಯಂತ್ರ, ಇವನ್ನೆಲ್ಲ ಮಾರುವವರ ಬಾಯಲ್ಲಿ ‘ಕ್ವಾಂಟಮ್’ ಪದ ಸದಾ ಸಿದ್ಧ. ರಕ್ತದಲ್ಲಿ ಕಬ್ಬಿಣವಿದೆ, ಬಳೆ ಅದನ್ನು ಎಳೆದು ಓಡಿಸುತ್ತದೆ ಎನ್ನುತ್ತಾರೆ. ರಕ್ತದ ಕಬ್ಬಿಣ ಮೊಳೆಯ ಕಬ್ಬಿಣದಂತಲ್ಲ. ಆಮ್ಲಜನಕ ಹೊತ್ತ ಹಿಮೋಗ್ಲೋಬಿನ್ ಅಯಸ್ಕಾಂತದಿಂದ ತುಸು ದೂರವೇ ಸರಿಯುತ್ತದೆ ಎಂದು 1936ರಲ್ಲೇ ಲೈನಸ್ ಪಾಲಿಂಗ್ ಮತ್ತು ಚಾರ್ಲ್ಸ್ ಕೊರಿಯೆಲ್ ತೋರಿಸಿದ್ದರು. 3 ಟೆಸ್ಲಾದ ಎಂಆರ್‌ಐ ಒಳಗೆ ಅರ್ಧ ಗಂಟೆ ಮಲಗಿ ಎದ್ದವರ ರಕ್ತವೇ ಒಂದೆಡೆ ಜಮೆಯಾಗದಿದ್ದಾಗ ಕೈಬಳೆಯ ಪಾಡೇನು? ಹಾಗಾದರೆ 1997ರಲ್ಲಿ ನೆದರ್ಲೆಂಡ್ಸ್‌ನ ನೈಮೆಖೆನ್‌ನಲ್ಲಿ ಜೀವಂತ ಕಪ್ಪೆಯನ್ನೇ ಅಯಸ್ಕಾಂತದಿಂದ ತೇಲಿಸಲಿಲ್ಲವೇ ಎಂದು ಕೇಳಬಹುದು. ತೇಲಿಸಿದರು, ನಿಜ, ಅದಕ್ಕೆ ಸುಮಾರು 16 ಟೆಸ್ಲಾ ಬೇಕಾಯಿತು. ಅಯಸ್ಕಾಂತ ಎಲ್ಲದರ ಮೇಲೂ ಪ್ರಭಾವ ಬೀರುತ್ತದೆ ಎಂಬ ವಾಕ್ಯ ಸರಿ, ‘ಎಷ್ಟು?’ ಎಂದು ಕೇಳಿದ ಕೂಡಲೇ ವಿಜ್ಞಾನವೂ ವ್ಯಾಪಾರವೂ ಬೇರೆಬೇರೆ ದಾರಿ ಹಿಡಿಯುತ್ತವೆ.

ಇನ್ನೊಂದು ಸೆಳೆತ ನಮ್ಮ ಮನೆಯೊಳಗಿನದು. ಶೂನ್ಯ, ಬಯಲು ಎಂಬ ಪದಗಳಿಗೆ ಕನ್ನಡದಲ್ಲಿ ಎಂಟುನೂರು ವರ್ಷಕ್ಕೂ ಮಿಕ್ಕಿದ ತೂಕವಿದೆ. ಅಲ್ಲಮನ ಬಯಲನ್ನೂ ಹೈಸನ್‌ಬರ್ಗರ ನಿರ್ವಾತವನ್ನೂ ತಂದು ಪಕ್ಕಪಕ್ಕ ನಿಲ್ಲಿಸಿ ‘ನಮ್ಮವರು ಆಗಲೇ ಹೇಳಿದ್ದರು’ ಎಂದು ಬೀಗುವುದು ಸುಲಭ. ಹಾಗೆ ಮಾಡಿದರೆ ಇಬ್ಬರಿಗೂ ಅನ್ಯಾಯ. ಶರಣರ ಬಯಲು ‘ನಾನು’ ಕರಗುವ ಅನುಭಾವ, ಅದಕ್ಕೆ ಟೆಸ್ಲಾದ ಹಂಗಿಲ್ಲ. ಭೌತವಿಜ್ಞಾನದ ನಿರ್ವಾತ ಒಂದು ಸಂಖ್ಯೆಯನ್ನು ಮುಂದಿಟ್ಟು, ತಪ್ಪಾದರೆ ತಳ್ಳಿಬಿಡಿ ಎಂದು ಸವಾಲು ಹಾಕುತ್ತದೆ. ಎರಡರ ಗೌರವವೂ ಅವುಗಳನ್ನು ಬೇರೆಬೇರೆಯಾಗಿ ಓದುವುದರಲ್ಲಿದೆ.

ಕೊನೆಯ ಆಕ್ಷೇಪ ಹಣದ್ದು: ಇದರಿಂದ ಯಾರ ಹೊಟ್ಟೆ ತುಂಬುತ್ತದೆ? ನ್ಯೂಟ್ರಾನಿನ ಕಾಂತಗುಣ ಉಪಯೋಗಕ್ಕೆ ಬಂದಿತು, ನಿರ್ವಾತದ್ದೂ ಬಂದೇ ಬರುತ್ತದೆ ಎಂದು ಭರವಸೆ ಕೊಡುವುದು ಸುಳ್ಳಾದೀತು. 440 ಕೋಟಿ ಟೆಸ್ಲಾ ಯಾವ ಕಾರ್ಖಾನೆಗೂ ಬರುವುದಿಲ್ಲ. ಆದರೆ ಅಳೆಯುವ ಕೈಗಳು ಪಳಗುತ್ತವೆ, ಆ ಕೈಗಳನ್ನು ಅಂಗಡಿಯಲ್ಲಿ ಕೊಳ್ಳಲಾಗುವುದಿಲ್ಲ. 2024ರ ಜನವರಿ 1ರಂದು ಇಸ್ರೊ ಹಾರಿಸಿದ ಎಕ್ಸ್‌ಪೋಸ್ಯಾಟ್ ಉಪಗ್ರಹದ ಮುಖ್ಯ ಉಪಕರಣ ‘ಪೋಲಿಕ್ಸ್’ ಸಿದ್ಧವಾದದ್ದು ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ, ದಶಕಕ್ಕೂ ಹೆಚ್ಚು ಕಾಲದ ದುಡಿಮೆಯಿಂದ. ಹಗುರ ಧಾತುವಿನ ತುಂಡಿಗೆ ಬಡಿದು ಎಕ್ಸ್‌ರೇ ಯಾವ ಕಡೆಗೆ ಹೆಚ್ಚು ಚದುರುತ್ತದೆ ಎಂದು ಸುತ್ತಲಿನ ನಾಲ್ಕು ಶೋಧಕಗಳಿಂದ ಎಣಿಸಿ ಅದು ಧ್ರುವೀಕರಣವನ್ನು ಅಳೆಯುತ್ತದೆ. ಬೆಳಕಿನ ಚದುರುವಿಕೆಗಾಗಿ ನೊಬೆಲ್ ಪಡೆದ ಸಿ.ವಿ. ರಾಮನ್ 1948ರಲ್ಲಿ ಕಟ್ಟಿದ ಸಂಸ್ಥೆಗೆ ಇದು ತಕ್ಕ ಕೆಲಸ. ನಾಸಾದ ಉಪಕರಣ 2ರಿಂದ 8 ಕಿಲೋ ಎಲೆಕ್ಟ್ರಾನ್‌ವೋಲ್ಟ್ ಶಕ್ತಿಯವರೆಗಿನ ಎಕ್ಸ್‌ರೇಯನ್ನು ನೋಡಿದರೆ ಪೋಲಿಕ್ಸ್ ಅಲ್ಲಿಂದ ಮುಂದೆ, 8ರಿಂದ 30ರವರೆಗೆ ನೋಡುತ್ತದೆ. ಅದೊಂದೇ ನಿರ್ವಾತದ ಪ್ರಶ್ನೆಯನ್ನು ಬಗೆಹರಿಸಿಬಿಡುತ್ತದೆ ಎನ್ನಲಾಗದು. ಪ್ರಖರ ಆಕರಗಳಷ್ಟೇ ಅದರ ಕಣ್ಣಿಗೆ ಬೀಳುತ್ತವೆ. ಆದರೆ ಪ್ರಬಲ ಕಾಂತಕ್ಷೇತ್ರಗಳಲ್ಲಿ ಬೆಳಕು ಹೇಗೆ ನಡೆದುಕೊಳ್ಳುತ್ತದೆ ಎಂಬ ಪ್ರಶ್ನೆಗೆ ಉತ್ತರ ಹುಡುಕುವ ಮೇಜಿನಲ್ಲಿ ನಮಗೊಂದು ಕುರ್ಚಿ ಸಿಕ್ಕಿರುವುದು ಅದರಿಂದಲೇ.

ಎಕ್ಸ್‌ಪೋಸ್ಯಾಟ್‌ಗೆ ನಿಗದಿಯಾದ ಆಯುಷ್ಯ ಸುಮಾರು ಐದು ವರ್ಷ. ಒಂದು ಉಪಕರಣ ಕಟ್ಟಲು ಹತ್ತು ವರ್ಷ ಬೇಕು. ಹೀಗಿರುವಾಗ ಇದಕ್ಕಿಂತ ದೊಡ್ಡ, ಮಂಕಾದ ಮ್ಯಾಗ್ನೆಟಾರುಗಳನ್ನೂ ಹಿಡಿಯಬಲ್ಲ ಮುಂದಿನ ಉಪಕರಣದ ಕೆಲಸ, ಇದು ಇನ್ನೂ ಕಕ್ಷೆಯಲ್ಲಿ ಸುತ್ತುತ್ತಿರುವಾಗಲೇ ಶುರುವಾಗಬೇಕು. ಫಲಿತಾಂಶ ‘ಸಿಗಲಿಲ್ಲ’ ಎಂದು ಬಂದರೂ ಅದನ್ನು ಖರ್ಚಿನ ಬಾಬಿಗೆ ಹಾಕದೆ ಲೆಕ್ಕಕ್ಕೆ ಹಿಡಿಯುವ ಸರ್ಕಾರವೂ ಓದುಗರೂ ಅದಕ್ಕೆ ಬೇಕು.